ಗುಳ್ಳೆ ಬರುವ ತನಕ

ಜನವರಿ 12

ಪುಟ್ಟನಿಗೆ,

ಬಂದು ಸೇರಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ನಿನ್ನಕ್ಕ ನಿಲ್ದಾಣಕ್ಕೆ ಬಂದಿದ್ದಳು, ಅಳತೆ ಟೇಪು ಕುತ್ತಿಗೆಯಲ್ಲಿ ಹಾಗೇ ನೇತಾಡುತ್ತಿತ್ತು. ಯಾರದೋ ಕೋಟು ಅರ್ಧಕ್ಕೆ ಬಿಟ್ಟು ಓಡಿಬಂದಿದ್ದಾಳೆ. "ಏನಮ್ಮ, ಇದ್ದಕ್ಕಿದ್ದ ಹಾಗೆ?" ಎಂದಳು. "ಮಗಳ ಮನೆಗೆ ಬರೋಕೂ ಅರ್ಜಿ ಹಾಕ್ಬೇಕೇನೆ?" ಎಂದೆ. ನಿನ್ನ ವಿಷಯ ಬಾಯಿ ಬಿಡಲಿಲ್ಲ.

ಹೇಳದೆ ಕೇಳದೆ ಹೊರಟು ಬಂದೆ ಎಂದು ನಿನಗೆ ಸಿಟ್ಟು ಬಂದಿರುತ್ತದೆ. ಬರಲಿ. ನನಗೂ ಬಂದಿದೆ. ನಿಮ್ಮ ಪ್ರಯೋಗಾಲಯದ ವೈರಿಂಗ್ ರಿಪೇರಿ ಎಂದು ನೀನು ಆ ಪಾಚಿ ಬಾಟಲಿಗಳನ್ನು ಮನೆಗೆ ತಂದು ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ತಂದಾಗ ಎಳೆ ಹುಲ್ಲಿನ ಹಾಗೆ ಹಸಿರಾಗಿದ್ದವು. ಬರಬರುತ್ತ ಹಳದಿಗೆ ತಿರುಗಿದವು. ನೀನು ದಿನವೂ ಅವುಗಳ ಮುಂದೆ ಕೂತು ನೋಡುತ್ತೀಯ, ಏನೋ ಬರೆದುಕೊಳ್ಳುತ್ತೀಯ, ಒಂದು ಹನಿ ಗೊಬ್ಬರ ಹಾಕುವುದಿಲ್ಲ. ಆಯುಷ್ಯವೆಲ್ಲ ಪಾರ್ಕಿನಲ್ಲಿ ಸಸಿ ಸಾಕಿದವಳು ನಾನು. ಎಲೆ ಹಳದಿಯಾದರೆ ಎಪ್ಸಮ್ ಉಪ್ಪು ಹಾಕಬೇಕು ಅನ್ನುವುದು ನನ್ನ ಕೈಗೇ ಗೊತ್ತು, ತಲೆಯನ್ನು ಕೇಳಬೇಕಾಗಿಲ್ಲ. ಊದಿದ ಕಾಲು ನೆನೆಹಾಕಲು ತಂದಿದ್ದ ಉಪ್ಪು ಬಚ್ಚಲಲ್ಲೇ ಇತ್ತು. ನೀನು ಮೀಟಿಂಗು ಎಂದು ಬೇರೆ ಊರಿಗೆ ಹೋದಾಗ ರಬ್ಬರ್ ಬಿರಡೆ ಕಿತ್ತು ಎಲ್ಲ ಬಾಟಲಿಗೂ ಚಿಟಿಕೆ ಚಿಟಿಕೆ ಹಾಕಿದೆ. ಪಾಪ, ಗಾಳಿಯೂ ಆಡಲಿ ಎಂದು ಬಾಯಿ ತೆರೆದೇ ಇಟ್ಟೆ. ನೀನು ಬರುವಷ್ಟರಲ್ಲಿ ಹಸಿರು ಮರಳುತ್ತಿತ್ತು. ನೋಡಿ ಖುಷಿಪಡುತ್ತೀಯ ಎಂದುಕೊಂಡಿದ್ದೆ.

"ನಿನ್ನ ಕೈ ಸುಮ್ನಿರಲ್ವಾ? ಎರಡು ವರ್ಷದ ಕೆಲ್ಸ ಹಾಳ್ಮಾಡ್ಬಿಟ್ಟೆ!" ಎಂದೆ ನೀನು. ನನಗೆ ಕಿವಿ ಕೇಳಿಸದು ಅನ್ನುವುದನ್ನೂ ಮರೆತು ಕೂಗಿದೆ. ಕೂಗು ಕೇಳಲಿಲ್ಲ, ತುಟಿ ನೋಡಿಯೇ ತಿಳಿಯಿತು. ಈ ತುಟಿ ಓದುವ ವಿದ್ಯೆ ಯಾಕಾದರೂ ಬಂತೋ ಅನ್ನಿಸಿತು.

ನಾನು ಏನು ಹಾಳು ಮಾಡಿದೆ ಎಂದು ನನಗೆ ತಿಳಿಯುವ ಹಾಗೆ ಬರೆ. ಫೋನು ಬೇಡ, ಕಿವಿಯ ಯಂತ್ರ ಕೀ ಅನ್ನುತ್ತದೆ. ಕಾಗದವೇ ಸರಿ.

ಅಮ್ಮ


ಜನವರಿ 29

ಅಮ್ಮ,

ಕೂಗಬಾರದಿತ್ತು. ಬೆಳಗ್ಗೆ ಎದ್ದು ನೋಡಿದರೆ ನಿನ್ನ ಹಾಸಿಗೆ ಮಡಚಿಟ್ಟಿತ್ತು. ಬಸ್ ನಿಲ್ದಾಣಕ್ಕೂ ಹೋಗಿ ಬಂದೆ.

ಏನಾಯಿತು ಎಂದು ಕೇಳಿದ್ದೀಯ, ಹೇಳುತ್ತೇನೆ. ಪಾಚಿಯೂ ನಿನ್ನ ಸಸಿಗಳ ಹಾಗೆಯೇ ಬೆಳಕಿನಲ್ಲಿ ನೀರನ್ನು ಒಡೆದು ಆಮ್ಲಜನಕ ಬಿಡುತ್ತದೆ. ಆದರೆ ಅದರ ಒಳಗೆ ಇನ್ನೊಬ್ಬ ಕೆಲಸಗಾರ ಇದ್ದಾನೆ, ಒಂದು ಕಿಣ್ವ. ಅವನಿಗೆ ಜಲಜನಕ ಮಾಡಲು ಬರುತ್ತದೆ. ಜಲಜನಕ ಎಂದರೆ ಉರಿಸಿದರೆ ಹೊಗೆಯೇ ಬಾರದ ಇಂಧನ, ಉರಿದ ಮೇಲೆ ಉಳಿಯುವುದು ನೀರು ಮಾತ್ರ. ಆದರೆ ಆ ಕೆಲಸಗಾರ ಮಹಾ ನಾಜೂಕಿನವನು. ಆಮ್ಲಜನಕ ಸೋಕಿದರೆ ಕೆಟ್ಟುಹೋಗುತ್ತಾನೆ. ಪಾಚಿ ದಿನವಿಡೀ ಆಮ್ಲಜನಕ ಬಿಡುತ್ತಿರುವಾಗ ಅವನು ಏಳುವುದು ಹೇಗೆ?

ಅದಕ್ಕೇ ಉಪವಾಸ. ನೀರು ಒಡೆಯುವ ಯಂತ್ರವನ್ನು ಬೆಳಕೇ ದಿನವೂ ಸವೆಸುತ್ತದೆ, ಪಾಚಿ ದಿನವೂ ರಿಪೇರಿ ಮಾಡಿಕೊಳ್ಳುತ್ತದೆ. ರಿಪೇರಿಗೆ ಗಂಧಕ ಬೇಕು. ಗಂಧಕ ಕೊಡದಿದ್ದರೆ ಯಂತ್ರ ಕುಂಟುತ್ತದೆ, ಆಮ್ಲಜನಕ ಇಳಿಯುತ್ತದೆ. ಬಾಟಲಿಯಲ್ಲಿ ಉಳಿದದ್ದನ್ನು ಪಾಚಿಯೇ ಉಸಿರಾಡಿ ಮುಗಿಸುತ್ತದೆ. ಬಿಗಿಯಾಗಿ ಮುಚ್ಚಿರುವುದರಿಂದ ಹೊಸದು ಒಳಗೆ ಬರುವುದಿಲ್ಲ. ಆಗ ಕಿಣ್ವ ಏಳುತ್ತದೆ. ಬೆಳಕು ಬೀಳುತ್ತಲೇ ಇರುತ್ತದಲ್ಲ, ಆ ಶಕ್ತಿಯನ್ನು ಎಲ್ಲಾದರೂ ಇಳಿಸಿಕೊಳ್ಳಬೇಕು, ಜಲಜನಕ ಮಾಡಿ ಹೊರಗೆ ಬಿಡುತ್ತದೆ. ಸಣ್ಣ ಸಣ್ಣ ಗುಳ್ಳೆ. ಕೂಡಿಟ್ಟ ಪಿಷ್ಟ ತಿಂದುಕೊಂಡು ಹಾಗೆ ಕೆಲವು ದಿನ ಜೀವ ಹಿಡಿದಿರುತ್ತದೆ.

ಉಳಿದವರು ಬೇರೆ ಅನಿಲ ಊದಿ ಆಮ್ಲಜನಕವನ್ನು ಓಡಿಸುತ್ತಾರೆ. ಏನನ್ನೂ ಊದದೆ, ಬರೀ ಬೆಳಕಿನಲ್ಲೇ, ಪಾಚಿ ತಾನಾಗಿಯೇ ವಾರಗಟ್ಟಲೆ ಗುಳ್ಳೆ ಬಿಡಬೇಕು ಅನ್ನುವುದು ನನ್ನ ಹಟ. ಎರಡು ವರ್ಷ ಆರಿಸಿ ಆರಿಸಿ ಬೆಳೆಸಿದ ತಳಿ ಅದು. ಈಗ ಹೇಳು, ನಿನ್ನ ಎಪ್ಸಮ್ ಉಪ್ಪಿನಲ್ಲಿ ಏನಿದೆ? ಗಂಧಕ! ಲೋಕದಲ್ಲಿ ಅವಕ್ಕೆ ಕೊಡಬಾರದ ವಸ್ತು ಎರಡೇ ಇದ್ದದ್ದು, ಗಂಧಕ ಮತ್ತು ಗಾಳಿ. ನೀನು ಎರಡನ್ನೂ ಕೊಟ್ಟೆ. ಹುಡುಕಿ ಹುಡುಕಿ ಕೊಟ್ಟ ಹಾಗೆ ಕೊಟ್ಟೆ.

ಬರೆಯುತ್ತ ಬರೆಯುತ್ತ ನನಗೇ ನಗು ಬಂತು. ಆ ತಳಿಯ ಬೀಜದ ಪಾಚಿ ಪ್ರಯೋಗಾಲಯದಲ್ಲಿ ಇನ್ನೂ ಇದೆ, ಮೊದಲಿನಿಂದ ಬೆಳೆಸಬೇಕು, ಅಷ್ಟೇ. ವಾಪಸ್ ಬಾ.

ನಿನ್ನ ಪುಟ್ಟ


ಫೆಬ್ರವರಿ 10

ಪುಟ್ಟನಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಗಟ್ಟಿಯಾಗಿ ಓದುತ್ತಿದ್ದೆನಂತೆ, ನಿನ್ನಕ್ಕನ ಹೊಲಿಗೆ ಅಂಗಡಿಗೆ ಬಟ್ಟೆ ಕೊಡಲು ಬಂದವರೆಲ್ಲ ನಿಂತು ಕೇಳಿದರಂತೆ. ಈಗ ಈ ಬೀದಿಗೆಲ್ಲ ನಿನ್ನ ಕಿಣ್ವದ ಸಮಾಚಾರ ಗೊತ್ತು.

ಅರ್ಥವಾಯಿತು ಬಿಡು. ಆದರೂ ಹೊಟ್ಟೆಗೂ ಹಾಕದೆ, ಉಸಿರಿಗೂ ಬಿಡದೆ, ಮೇಲಿಂದ ಬಿಸಿಲನ್ನೂ ಬಿಟ್ಟು, "ಏನಾದ್ರೂ ಒಳ್ಳೇದು ಕೊಡು" ಎಂದು ಕೂರುವುದು ಯಾವ ನ್ಯಾಯವೋ ನನಗೆ ತಿಳಿಯದು. ಅವು ಕೊಡುತ್ತವಲ್ಲ, ಅದು ಅವುಗಳ ದೊಡ್ಡತನ. ಗುಳ್ಳೆ ಬಿಟ್ಟು ಮುಗಿದ ಮೇಲೆ ಅವುಗಳ ಗತಿ ಏನು? ತಿನ್ನಲು ಕೊಡುತ್ತೀಯೋ, ಚರಂಡಿಗೆ ಸುರಿಯುತ್ತೀಯೋ? ಇದಕ್ಕೆ ಉತ್ತರ ಬರೆ.

ಈಗಲೇ ವಾಪಸ್ ಬರುವುದಿಲ್ಲ. ಕೋಪವಲ್ಲ. ನಾನು ಅಲ್ಲಿದ್ದರೆ ಕೈ ಮತ್ತೆ ಹೋಗುತ್ತದೆ, ನನಗೆ ಗೊತ್ತು. ನಿನ್ನಕ್ಕನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಪಕ್ಕದಲ್ಲೇ ನನಗೆ ಮಂಚ ಹಾಕಿದ್ದಾಳೆ. ಗುಂಡಿ ಹೊಲಿದುಕೊಡುತ್ತೇನೆ. ಕಾಲಿನ ಊತ ಇದ್ದದ್ದೇ.

ಒಂದು ಆಸೆ ಇದೆ. ಆ ಗುಳ್ಳೆ ನನಗೂ ಒಂದು ಸಲ ತೋರಿಸು. ಕೆಡಿಸಿದ್ದು ಏನು ಎಂದು ಕಣ್ಣಲ್ಲಿ ನೋಡಬೇಕು. ಅದು ಬಂದ ದಿನ ಬಾ, ಬಾಟಲಿ ಹಿಡಿದುಕೊಂಡು ಬಾ. ಅಲ್ಲಿಯ ತನಕ ನಾನು ನಿನ್ನ ಕೆಲಸಕ್ಕೆ ಅಡ್ಡ ಬರುವುದಿಲ್ಲ.

ಅಮ್ಮ


ಮಾರ್ಚ್ 21

ಅಮ್ಮ,

ಚರಂಡಿಗೆ ಸುರಿಯುವುದಿಲ್ಲ. ಗಂಧಕ ಕೊಟ್ಟು, ಗಾಳಿಗೆ ಬಿಟ್ಟು, ಮತ್ತೆ ಹಸಿರಾದ ಮೇಲೆ ಇನ್ನೊಂದು ಸುತ್ತು. ಸಮಾಧಾನವಾಯಿತೆ?

ಪಾಚಿ ಚೆನ್ನಾಗಿ ಬೆಳೆದಿದೆ. ತೊಳೆದು, ಗಂಧಕವಿಲ್ಲದ ನೀರಿಗೆ ಹಾಕಿ, ಬಾಟಲಿ ಮುಚ್ಚಿದೆ. ಗುಳ್ಳೆ ಬರಲಿಲ್ಲ. ಮತ್ತೆ ಮಾಡಿದೆ. ಬರಲಿಲ್ಲ. ಬಿರಡೆಯಲ್ಲಿ ಎಲ್ಲೋ ಕಣ್ಣಿಗೆ ಕಾಣದಷ್ಟು ಸಂದಿದೆ, ಅಲ್ಲಿಂದ ಗಾಳಿ ನುಸುಳುತ್ತಿದೆ. ಪಾಚಿ ಉಸಿರಾಡಿ ಮುಗಿಸುವಷ್ಟರಲ್ಲಿ ಇನ್ನಷ್ಟು ಬರುತ್ತದೆ. ಆಮ್ಲಜನಕ ಅಳೆಯುವ ಮಾಪಕದ ಮುಳ್ಳು ಕೆಳಗೆ ಇಳಿಯುತ್ತದೆ, ಸೊನ್ನೆಯ ಹತ್ತಿರ ಬಂದು ಅಲ್ಲೇ ನಿಂತುಬಿಡುತ್ತದೆ.

ನಮ್ಮ ಮುಖ್ಯಸ್ಥೆ ಕರೆದು ಹೇಳಿದರು, ಜೂನ್ ಕೊನೆಯೊಳಗೆ ಗುಳ್ಳೆ ತೋರಿಸದಿದ್ದರೆ ನನ್ನ ಕೆಲಸದ ಬೆಂಚು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು. ಒಳ್ಳೆಯವರೇ, ಅವರ ಕೈಯಲ್ಲೂ ಇಲ್ಲ.

ಮುಂದಿನ ತಿಂಗಳು ಬಂದು ಹೋಗಲಾ? ನಿನ್ನನ್ನು ನೋಡಿ ತುಂಬ ದಿನವಾಯಿತು.

ಪುಟ್ಟ


ಏಪ್ರಿಲ್ 5

ಪುಟ್ಟನಿಗೆ,

ಬರಬೇಡ. ಜೂನ್ ಎಂದರೆ ನಾಳೆಯೇ. ನಾನೆಲ್ಲಿ ಓಡಿಹೋಗುತ್ತೇನೆ?

ಈ ಪೊಟ್ಟಣದಲ್ಲಿ ಕಸಿ ಕಟ್ಟುವ ಮೇಣ ಇದೆ. ಕೊಂಬೆಗೆ ಕೊಂಬೆ ಸೇರಿಸಿ ಇದನ್ನು ಹಚ್ಚಿದರೆ ಗಾಳಿಯಲ್ಲ, ಗಾಳಿಯ ಅಪ್ಪನೂ ಒಳಗೆ ಹೋಗುವುದಿಲ್ಲ. ಬಿರಡೆಯ ಸುತ್ತ ಬಳಿ. ನನ್ನ ಜೊತೆ ಕೆಲಸ ಮಾಡುತ್ತಿದ್ದವಳಿಗೆ ಹೇಳಿ ಪಾರ್ಕಿನಿಂದ ತರಿಸಿದೆ.

ಕಾಗದ ಚಿಕ್ಕದಾಯಿತು. ಕೂತು ಬರೆದರೆ ಸುಸ್ತಾಗುತ್ತದೆ, ಬಿಸಿಲು ಕಾಲ ನೋಡು.

ಅಮ್ಮ


ಏಪ್ರಿಲ್ 18

ಅಮ್ಮ,

ನಿನ್ನ ಮೇಣದ ಕಥೆ ಕೇಳು. ನೀಟಾಗಿ ಬಳಿದೆ. ದೀಪದ ಬಿಸಿಗೆ ಕರಗಿ ಬಾಟಲಿಯ ಮೈಮೇಲೆಲ್ಲ ಇಳಿಯಿತು, ಅಲ್ಲಿಂದ ಮೇಜು, ಮೇಜಿನಿಂದ ನನ್ನ ಪ್ಯಾಂಟು. ಪಕ್ಕದ ಬೆಂಚಿನವರು "ಏನ್ರೀ, ಪಾಚಿಗೆ ಕಸಿ ಕಟ್ತಿದ್ದೀರಾ?" ಎಂದು ಇನ್ನೂ ಆಡಿಕೊಂಡು ನಗುತ್ತಿದ್ದಾರೆ. ಆದರೂ ಉಳಿದ ತುಂಡು ಡ್ರಾಯರಿನಲ್ಲಿದೆ. ತೆಗೆದಾಗ ನಿನ್ನ ಕೈಯ ವಾಸನೆ ಬರುತ್ತದೆ.

ಗಾಜಿನದೇ ಬಿರಡೆ ಮಾಡಿಸಲು ಕೊಟ್ಟಿದ್ದೇನೆ, ಬಾಟಲಿಯ ಬಾಯಿಗೆ ಉಜ್ಜಿ ಉಜ್ಜಿ ಕೂರಿಸುತ್ತಾರೆ. ಅದು ಬಂದರೆ ಕೆಲಸ ಆದಂತೆಯೇ.

ನಿನ್ನ ಅಕ್ಷರ ಯಾಕೆ ಹಾಗೆ ಸೊಟ್ಟಗಾಗಿದೆ? ಕನ್ನಡಕ ಬದಲಾಯಿಸಬೇಕೇನೋ, ಅಕ್ಕನಿಗೆ ಹೇಳು.

ಪುಟ್ಟ


ಏಪ್ರಿಲ್ 30

ತಮ್ಮಾ,

ಕನ್ನಡಕ ಅಲ್ಲ ಕಣೋ. ಅಮ್ಮನ ಹೃದಯ ಸೋತಿದೆ. ಕಾಲಿಗೆ ಇಳಿಯುತ್ತಿದ್ದ ನೀರು ಈಗ ಶ್ವಾಸಕೋಶಕ್ಕೂ ಬಂದಿದೆ. ಮಲಗಿದರೆ ಉಸಿರು ಕಟ್ಟುತ್ತದೆ, ದಿಂಬುಗಳಿಗೆ ಒರಗಿ ಕೂತೇ ಇರುತ್ತಾಳೆ. ಡಾಕ್ಟರು ನನ್ನನ್ನು ಹೊರಗೆ ಕರೆದು, ತಿಂಗಳುಗಳ ಲೆಕ್ಕ ಹಾಕಬೇಡಿ ಎಂದರು.

ನಿನಗೆ ಹೇಳಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಫೋನು ಕೈಗೆತ್ತಿಕೊಂಡರೆ ಸಾಕು, ನನ್ನ ತುಟಿಯನ್ನೇ ನೋಡುತ್ತಾಳೆ. ಅದಕ್ಕೇ ನೀನು ಫೋನ್ ಮಾಡಿದಾಗೆಲ್ಲ "ಚೆನ್ನಾಗಿದ್ದಾಳೆ, ಚೆನ್ನಾಗಿದ್ದಾಳೆ" ಎಂದು ಗಿಳಿಯ ಹಾಗೆ ಹೇಳಿದ್ದು. ಈಗ ಅಂಗಡಿಯ ಶಟರ್ ಅರ್ಧ ಇಳಿಸಿ, ಗಿರಾಕಿಯ ಅಳತೆ ಬರೆಯುವ ಹಾಗೆ ನಟಿಸುತ್ತ ಇದನ್ನು ಬರೆಯುತ್ತಿದ್ದೇನೆ. ಕೊಟ್ಟ ಮಾತು ಹೋದರೆ ಹೋಗಲಿ. ನೀನು ಬಾ.

ಅಕ್ಕ


ಮೇ 4

ಅಮ್ಮ,

ಶನಿವಾರ ಬರುತ್ತಿದ್ದೇನೆ. ಅಕ್ಕನನ್ನು ಬೈಯಬೇಡ. ಬಾಟಲಿ ಹಾಗೇ ಬಿಟ್ಟು ಬರುತ್ತೇನೆ. ಬೆಂಚು ಹೋದರೆ ಹೋಗಲಿ, ಇನ್ನೆಲ್ಲಾದರೂ ಸಿಗುತ್ತದೆ.

ಪುಟ್ಟ


ಮೇ 7

ಪುಟ್ಟ,

ಈ ಕಾಗದ ಶನಿವಾರಕ್ಕೆ ಮೊದಲೇ ತಲುಪಲಿ ಎಂದು ನಿನ್ನಕ್ಕನನ್ನು ಅಂಚೆಯ ದೊಡ್ಡ ಕಚೇರಿಗೇ ಓಡಿಸಿದ್ದೇನೆ. ಅವಳಿಗೆ ಬೈಯಬೇಕಾದ್ದನ್ನೆಲ್ಲ ಬೈದಾಯಿತು. ಈಗ ನಿನ್ನ ಸರದಿ.

ಬರಬೇಡ. ಬಾಟಲಿ ಅರ್ಧಕ್ಕೆ ಬಿಟ್ಟು ಬಂದರೆ ನಿನ್ನ ಮುಖ ನೋಡುವುದಿಲ್ಲ, ಕಣ್ಣು ಮುಚ್ಚಿಕೊಂಡು ಕೂರುತ್ತೇನೆ. ಕಿವಿ ಮೊದಲೇ ಇಲ್ಲ. ಆಮೇಲೆ ನೀನು ಗೋಡೆಯ ಜೊತೆ ಮಾತಾಡಬೇಕಾಗುತ್ತದೆ.

ನಿಜ ಹೇಳುತ್ತೇನೆ. ನನಗೆ ಸಾಯುವ ಹೆದರಿಕೆ ಇಲ್ಲ. ನಾನು ನೆಟ್ಟದ್ದು ಎಷ್ಟೋ ಬೆಳೆದಿದೆ, ನೀವಿಬ್ಬರೂ ಬೆಳೆದಿದ್ದೀರಿ. ನನ್ನ ಹೆದರಿಕೆ ಒಂದೇ. ನಾನು ಹೋದ ಮೇಲೆ "ನಮ್ಮಮ್ಮ ಅಂದ್ರೆ, ನನ್ನ ಕೆಲಸ ಕೆಡಿಸಿದ ಕೈ" ಎಂದು ನಿನ್ನ ಮನಸ್ಸಿನಲ್ಲಿ ಎಲ್ಲಾದರೂ ಒಂದು ಮೂಲೆಯಲ್ಲಿ ಉಳಿದುಬಿಟ್ಟರೆ? ಇಲ್ಲ ಅನ್ನುತ್ತೀಯ. ಬಾಯಲ್ಲಿ ಅನ್ನುತ್ತೀಯ. ಒಂದು ಸಲ ಉಪ್ಪು ಹಾಕಿ ಕೆಡಿಸಿದೆ, ಇನ್ನೊಂದು ಸಲ ಸತ್ತು ಕೆಡಿಸಲಾರೆ ಕಣೋ.

ನಿನ್ನನ್ನು ನೋಡಬೇಕು ಅನ್ನಿಸುವುದಿಲ್ಲವೆಂದಲ್ಲ. ಎಷ್ಟು ಅನ್ನಿಸುತ್ತದೆ ಎಂದು ಬರೆದರೆ ನೀನು ಬಂದುಬಿಡುತ್ತೀಯ, ಅದಕ್ಕೇ ಬರೆಯುವುದಿಲ್ಲ. ಗುಳ್ಳೆ ಬಂದ ದಿನ ನಾನೇ ಬಾ ಅನ್ನುತ್ತೇನೆ. ನಾನು ಬಾ ಅನ್ನುವ ತನಕ ಬರಕೂಡದು.

ಅಮ್ಮ


ಮೇ 24

ಅಮ್ಮ,

ನೀನು ಹೇಳಿದ ಹಾಗೆಯೇ ಇದ್ದೇನೆ. ದಿನವೂ ಬೆಳಗ್ಗೆ ಚೀಲ ತುಂಬಿಕೊಂಡು ಬಸ್ಸು ಹತ್ತೋಣ ಎಂದು ಹೊರಡುತ್ತೇನೆ, ಪ್ರಯೋಗಾಲಯದ ತಿರುವಿನಲ್ಲಿ ಕಾಲು ಅಲ್ಲಿಗೇ ಹೋಗುತ್ತದೆ.

ಗಾಜಿನ ಬಿರಡೆ ಬಂತು. ಕೂರಿಸಿ ಮುಚ್ಚಿದ್ದೇನೆ. ಈ ಸಲ ಮುಳ್ಳು ನಡುವೆ ಎಲ್ಲೂ ನಿಂತಿಲ್ಲ, ಬಹಳ ನಿಧಾನವಾಗಿ ಸೊನ್ನೆಯ ಕಡೆಗೇ ಇಳಿಯುತ್ತಿದೆ. ಪಾಚಿ ಒಳಗಿನದನ್ನೆಲ್ಲ ಉಸಿರಾಡಿ ಮುಗಿಸುತ್ತಿದೆ. ಬಾಟಲಿಯಿಂದ ಒಂದು ಕೊಳವೆ, ನೀರಿನಲ್ಲಿ ಬೋರಲು ಹಾಕಿದ ಅಳತೆಯ ಗಾಜಿಗೆ. ಗುಳ್ಳೆ ಬಂದರೆ ಅಲ್ಲಿ ಏರಿ ಕೂರುತ್ತದೆ. ನಾನು ಅದನ್ನೇ ನೋಡುತ್ತ ಕೂತಿರುತ್ತೇನೆ. ಎದ್ದು ಹೋದರೆ ಏನಾದರೂ ಆಗಿಬಿಟ್ಟೀತು ಅನ್ನುವ ಭಯ.

ನಿನಗೆ ಉಸಿರು ಹೇಗಿದೆ? ಇಲ್ಲಿ ಕೂತು ಒಂದು ಬಾಟಲಿಯ ಉಸಿರು ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದೇನಲ್ಲ, ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಬಾ ಅನ್ನು ಅಮ್ಮ. ಗುಳ್ಳೆ ಬರದಿದ್ದರೂ ಬಾ ಅನ್ನು.

ಪುಟ್ಟ


ಜೂನ್ 15

ಅಕ್ಕ,

ಬಂದು ತಲುಪಿದೆ. ನೀನು ಕಟ್ಟಿಕೊಟ್ಟ ಊಟವನ್ನು ಬಸ್ಸಿನಲ್ಲಿ ತಿನ್ನಲಾಗಲಿಲ್ಲ, ಇಲ್ಲಿ ಬಂದು ತಿಂದೆ.

ಅಮ್ಮನ ಕಾರ್ಯವೆಲ್ಲ ಮುಗಿದು ಮನೆ ಖಾಲಿಯಾದ ಮೇಲೂ ನೀನು ಏನೋ ಹೇಳಲು ಬಂದು ಬಂದು ಸುಮ್ಮನಾಗುತ್ತಿದ್ದೆ. ನಾನೂ ಕೇಳಲಿಲ್ಲ. ಈಗ ಕೇಳುತ್ತೇನೆ, ಅದಕ್ಕೆ ಮೊದಲು ಇಲ್ಲಿಯ ವಿಷಯ ಹೇಳಿಬಿಡುತ್ತೇನೆ.

ಆ ರಾತ್ರಿ ಹೊರಗೆ ಬಂದು ಫೋನ್ ಎತ್ತಿ, ಅಮ್ಮ ಹೋದಳು ಎಂದು ನಿನ್ನಿಂದ ಕೇಳಿದಾಗ ಎಲ್ಲವನ್ನೂ ಇದ್ದ ಹಾಗೆಯೇ ಬಿಟ್ಟು ಓಡಿದ್ದೆ. ದೀಪ ಕೂಡ ಆರಿಸಿರಲಿಲ್ಲ. ವಾಪಸ್ ಬಂದು ಬಾಗಿಲು ತೆಗೆದರೆ ಅಳತೆಯ ಗಾಜು ಮುಕ್ಕಾಲು ತುಂಬಿದೆ. ಜಲಜನಕವೇ, ಪರೀಕ್ಷಿಸಿ ನೋಡಿದೆ. ನಾವು ಅಲ್ಲಿ ಅಮ್ಮನ ಸುತ್ತ ಕೂತಿದ್ದಾಗ ಇಲ್ಲಿ ಯಾರೂ ಇಲ್ಲದ ಕೋಣೆಯಲ್ಲಿ ಅದು ಗುಳ್ಳೆ ಬಿಡುತ್ತಿತ್ತು. ಮುಖ್ಯಸ್ಥೆ ಬೆನ್ನು ತಟ್ಟಿದರು. ಬೆಂಚು ಉಳಿಯಿತು.

ಅಕ್ಕ, ಅದಕ್ಕೆ ನಾನು ಬೇಕಾಗಿರಲಿಲ್ಲ. ಕಾವಲು ಬೇಕಾಗಿರಲಿಲ್ಲ. ಮುಚ್ಚಿಟ್ಟು, ಬೆಳಕಿಗೆ ಇಟ್ಟು, ಎದ್ದು ಬಂದಿದ್ದರೆ ತನ್ನ ಪಾಡಿಗೆ ತಾನು ಮಾಡುತ್ತಿತ್ತು. ಮೇ ತಿಂಗಳಲ್ಲೇ ಮುಚ್ಚಿಟ್ಟು ಬರಬಹುದಿತ್ತು. ನಾನು ಇಲ್ಲಿ ಕೂತು ಮಾಡಿದ್ದು ಏನೂ ಇಲ್ಲ.

ಒಂದೇ ಒಂದು ಕೇಳುತ್ತೇನೆ, ಮುಚ್ಚಿಡಬೇಡ. ಕೊನೆಗೆ ಅಮ್ಮ ನನ್ನನ್ನು ಕರೆದಳಾ?

ಪುಟ್ಟ


ಜೂನ್ 27

ತಮ್ಮಾ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಹೊಲಿಗೆ ಯಂತ್ರದ ಮೇಲೆ ಇಟ್ಟುಕೊಂಡು ಕೂತಿದ್ದೇನೆ. ಇಲ್ಲ ಅಂದರೆ ಒಂದು ಸಂಕಟ, ಹೌದು ಅಂದರೆ ಒಂದು ಸಂಕಟ. ಆದರೆ ಮುಚ್ಚಿಡಬೇಡ ಎಂದಿದ್ದೀಯ.

ಕೊನೆಯ ಹದಿನೈದು ದಿನ ಅವಳಿಗೆ ಬೇರೆ ಮಾತೇ ಇರಲಿಲ್ಲ. ಬೆಳಗ್ಗೆ ಮುಖ ಒರೆಸಲು ಹೋದರೆ "ಗುಳ್ಳೆ ಬಂತಾ?" ಎನ್ನುವಳು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದರೆ "ಬರತ್ತೆ ಬಿಡು, ಅವಸರ ಮಾಡ್ಬಾರ್ದು" ಎಂದು ನನಗೇ ಸಮಾಧಾನ ಹೇಳುವಳು. ನಿನ್ನ ಕೊನೆಯ ಕಾಗದ ಓದಿಸಿದಾಗ, ಬಾ ಅನ್ನು ಎಂದು ನೀನು ಬೇಡಿಕೊಂಡ ಕಡೆ ಬಂದಾಗ, ಕಾಗದ ಕಿತ್ತುಕೊಂಡು ದಿಂಬಿನ ಕೆಳಗೆ ಇಟ್ಟುಕೊಂಡಳು. "ಕಳ್ಳ" ಎಂದಳು. ಅಷ್ಟೇ.

ಆ ದಿನ ಬೆಳಗ್ಗೆ ತುಟಿ ನೀಲಿಯಾಗಿತ್ತು. ನನಗೆ ತಡೆಯಲಾಗಲಿಲ್ಲ. "ಗುಳ್ಳೆ ಬಂತಾ?" ಎಂದಳು. "ಬಂತಮ್ಮ" ಎಂದುಬಿಟ್ಟೆ. "ಬಂತಾ? ನಿಜವಾಗ್ಲೂ?" "ನಿಜವಾಗ್ಲೂ. ತುಂಬ ಬಂತಂತೆ, ಗ್ಲಾಸ್ ತುಂಬ."

ನೀನು ಆ ಮುಖ ನೋಡಬೇಕಿತ್ತು ಕಣೋ. "ಹಾಗಾದ್ರೆ ಬಾ ಅನ್ನು ಅವ್ನಿಗೆ. ಈಗ್ಲೇ ಹೊರಡೋಕೆ ಹೇಳು. ಅಯ್ಯೋ, ಇನ್ನೂ ಯಾಕೆ ನಿಂತಿದ್ದೀಯ, ಫೋನ್ ಮಾಡೇ!" ಎಂದು ನನ್ನನ್ನು ತಳ್ಳಿದಳು. ಅಷ್ಟು ಶಕ್ತಿ ಎಲ್ಲಿತ್ತೋ. ನಾನು ಫೋನ್ ಮಾಡಿದೆ. ನೀನು ಎತ್ತಲಿಲ್ಲ, ಪ್ರಯೋಗಾಲಯದೊಳಗೆ ನೀನು ಫೋನು ಒಯ್ಯುವುದಿಲ್ಲವಲ್ಲ. ಮತ್ತೆ ಮತ್ತೆ ಮಾಡಿದೆ. ಒಳಗೆ ಬಂದು "ಹೊರಟನಮ್ಮ" ಎಂದೆ. ಒಂದು ಸುಳ್ಳು ಹೇಳಿದವಳಿಗೆ ಇನ್ನೊಂದು ದೊಡ್ಡದೇ?

ಆ ಸುಳ್ಳನ್ನು ಒಂದು ವಾರ ಮೊದಲು ಹೇಳಿದ್ದಿದ್ದರೆ? ದಿನವೂ ಇದನ್ನೇ ಯೋಚಿಸುತ್ತೇನೆ. ನಿನಗೂ ಈ ಯೋಚನೆ ಬಂದರೆ ನನ್ನನ್ನು ಬೈದುಕೊ.

ತಲೆ ಬಾಚಿಸಿಕೊಂಡಳು. ಬೇರೆ ಸೀರೆ ಉಡಿಸು ಎಂದಳು. ಮಂಚ ತಿರುಗಿಸು ಎಂದಳು, ಬಾಗಿಲು ಕಾಣುವ ಹಾಗೆ. ಕತ್ತರಿಸುವ ಮೇಜನ್ನು ಎಳೆದು ಜಾಗ ಮಾಡಿ ತಿರುಗಿಸಿಕೊಟ್ಟೆ. ಮಧ್ಯಾಹ್ನವೆಲ್ಲ ಹಾಗೇ ಕೂತಿದ್ದಳು. ರೆಪ್ಪೆ ಭಾರವಾಗಿ ಇಳಿಯುತ್ತಿತ್ತು, ತಟ್ಟನೆ ತೆರೆಯುವಳು. "ಸ್ವಲ್ಪ ಕಣ್ಮುಚ್ಕೊ ಅಮ್ಮ, ಅವನು ಬಂದ್ರೆ ನಾನು ಎಬ್ಬಿಸ್ತೀನಿ" ಎಂದೆ. ಬೇಡ ಎಂದಳು. "ನಂಗೆ ಕಿವಿ ಕೇಳ್ಸಲ್ವಲ್ಲೇ. ಅವನು ಅಮ್ಮಾ ಅಂತ ಕರೆದು, ನಾನು ಓ ಅನ್ನದೇ ಇದ್ರೆ, ಇನ್ನೂ ಕೋಪ ಅಂದ್ಕೊಂಡು ಹಾಗೇ ಹೊರಟ್ಹೋಗ್ತಾನೆ" ಎಂದಳು.

ಕೊನೆಯ ತನಕ ಕಣ್ಣು ಬಾಗಿಲ ಮೇಲೇ ಇತ್ತು. ಆಮೇಲೆ ಆ ಕಣ್ಣು ಮುಚ್ಚಿದವಳು ನಾನು.

ಕರೆದಳು ಕಣೋ. ಕರೆದಳು.

ಅಕ್ಕ